‘ಕ’ದ ಮನೆ ನಂಬರು 3221

ಮಕ್ಕಳೇ, ಶಾಲೆಯ ಕಂಪ್ಯೂಟರಿನಲ್ಲೋ ಮನೆಯ ಮೊಬೈಲಿನಲ್ಲೋ ‘ಕ್ಷ’ ಎಂದು ಟೈಪ್ ಮಾಡಿ. ಈಗ ಬ್ಯಾಕ್‌ಸ್ಪೇಸ್ ಅನ್ನು ಒಂದೇ ಸಲ ಒತ್ತಿ. ಇಡೀ ಅಕ್ಷರ ಹೋಗಬೇಕಿತ್ತು, ಅಲ್ವಾ? ಹೆಚ್ಚಿನ ಕಡೆ ಹಾಗಾಗುವುದಿಲ್ಲ, ‘ಕ್’ ಉಳಿಯುತ್ತದೆ. ಮತ್ತೊಮ್ಮೆ ಒತ್ತಿದರೆ ‘ಕ’ ಉಳಿಯುತ್ತದೆ. ಮೂರನೆಯ ಸಲಕ್ಕೆ ಪೂರ್ತಿ ಖಾಲಿ! ನಮಗೆ ಒಂದೇ ಅಕ್ಷರವಾಗಿ ಕಂಡದ್ದು ಕಂಪ್ಯೂಟರಿಗೆ ಮೂರು. ಯಾಕೆ ಹೀಗೆ? ನೋಡೋಣ.

ಅಕ್ಷರವಲ್ಲ, ಸಂಖ್ಯೆ

ಕಂಪ್ಯೂಟರಿನ ಒಳಗೆ ಇರುವುದು 0 ಮತ್ತು 1 ಮಾತ್ರ. ಆದ್ದರಿಂದ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆ ಬೇಕು. 1963ರಲ್ಲಿ ಅಮೆರಿಕದಲ್ಲಿ ‘ಆಸ್ಕಿ’ ಎಂಬ ಪಟ್ಟಿ ಬಂತು. ಅದರಲ್ಲಿ ಒಂದು ಅಕ್ಷರಕ್ಕೆ 7 ಬಿಟ್‌ಗಳು. ಏಳು 2ಗಳನ್ನು ಗುಣಿಸಿ ನೋಡಿ: 128. ಇಂಗ್ಲಿಷಿನ ದೊಡ್ಡ ‘ಎ’ಗೆ ಅಲ್ಲಿ 65ನೇ ಸಂಖ್ಯೆ. ಇಂಗ್ಲಿಷಿಗೆ ಇಷ್ಟು ಸಾಕಾಯಿತು. ಕನ್ನಡಕ್ಕೆ ಜಾಗವೇ ಇರಲಿಲ್ಲ.

ಆಗ ಹಳೆಯ ಕನ್ನಡ ಫಾಂಟ್‌ಗಳು ಒಂದು ಉಪಾಯ ಮಾಡಿದವು. ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಸಂಖ್ಯೆಗಳಿಗೇ ಕನ್ನಡದ ಚಿತ್ರಗಳನ್ನು ಅಂಟಿಸಿದವು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್! ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಫೈಲು ತೆರೆದರೆ ಕಾಣುವುದು ಅರ್ಥವಿಲ್ಲದ ಗೀಚುಗಳ ರಾಶಿ. ಅದರಲ್ಲಿ ‘ಅಮ್ಮ’ ಎಂದು ಹುಡುಕಿದರೂ ಸಿಗುವುದಿಲ್ಲ.

128 ಮನೆಗಳ ಬೀದಿ

1991ರಲ್ಲಿ ‘ಯೂನಿಕೋಡ್’ನ ಮೊದಲ ಆವೃತ್ತಿ ಬಂತು. ಜಗತ್ತಿನ ಲಿಪಿಗಳಿಗೆಲ್ಲ ಬೇರೆ ಬೇರೆ ಸಂಖ್ಯೆ ಕೊಡುವುದು ಅದರ ಗುರಿ. ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳ ಒಂದು ಬೀದಿಯೇ ಸಿಕ್ಕಿತು. ಕೆಲವು ಮನೆಗಳು ಇನ್ನೂ ಖಾಲಿ ಇವೆ.

ನಿಮ್ಮೂರಿನ ಬೋರ್ಡುಗಳಲ್ಲಿ ಕನ್ನಡದ ಪಕ್ಕ ಯಾವ ಲಿಪಿ ಇದೆ? ಕಾಸರಗೋಡಿನಲ್ಲಿ ಮಲಯಾಳಂ, ತಾಳವಾಡಿಯಲ್ಲಿ ತಮಿಳು, ಆದವಾನಿಯಲ್ಲಿ ತೆಲುಗು, ಅಕ್ಕಲಕೋಟೆಯಲ್ಲಿ ಮರಾಠಿಯ ದೇವನಾಗರಿ. ಈ ಲಿಪಿಗಳಲ್ಲಿ ‘ಕ’ದ ಸಂಖ್ಯೆ ನೋಡಿ:

ದೇವನಾಗರಿ – 2325
ತಮಿಳು – 2965
ತೆಲುಗು – 3093
ಕನ್ನಡ – 3221
ಮಲಯಾಳಂ – 3349

ಕನ್ನಡದಿಂದ ತೆಲುಗನ್ನು ಕಳೆಯಿರಿ: 128. ಮಲಯಾಳಂನಿಂದ ಕನ್ನಡವನ್ನು ಕಳೆದರೂ 128! ದೇವನಾಗರಿಗೂ ಕನ್ನಡಕ್ಕೂ ಅಂತರ 896, ಅಂದರೆ ಏಳು 128. ಇದು ಕಾಕತಾಳೀಯವಲ್ಲ. ನಮ್ಮ ಲಿಪಿಗಳ ಆಕಾರ ಬೇರೆಯಾದರೂ ವರ್ಣಮಾಲೆಯ ಕ್ರಮ ಹೆಚ್ಚುಕಡಿಮೆ ಒಂದೇ. ಅದನ್ನು ಗಮನಿಸಿ ಭಾರತದಲ್ಲಿ 1988ರಲ್ಲಿ ‘ಇಸ್ಕಿ’ ಎಂಬ ಸಾಮಾನ್ಯ ಪಟ್ಟಿ ಮಾಡಿದ್ದರು. ಯೂನಿಕೋಡ್ ಅದೇ ಜೋಡಣೆಯನ್ನು ಅನುಸರಿಸಿತು. ಹಾಗಾಗಿ ಪ್ರತಿ ಬೀದಿಯಲ್ಲೂ ‘ಕ’ದ ಮನೆ ಒಂದೇ ಜಾಗದಲ್ಲಿದೆ.

ಇನ್ನು ‘ಕ್ಷ’ಕ್ಕೆ ಬರೋಣ. ಅದಕ್ಕೆ ಸ್ವಂತ ಮನೆಯಿಲ್ಲ. ‘ಕ’ 3221, ‘್’ 3277, ‘ಷ’ 3255. ಈ ಮೂರೂ ಸಾಲಾಗಿ ಬಂದರೆ ಫಾಂಟ್ ಅವನ್ನು ಕೂಡಿಸಿ ಚಿತ್ರ ಬರೆಯುತ್ತದೆ. ಎಷ್ಟೇ ಒತ್ತಕ್ಷರಗಳಿದ್ದರೂ 128 ಮನೆ ಸಾಕಾಗುವುದು ಇದರಿಂದಲೇ. ‘ಸೂರ್ಯ’ದಲ್ಲಿ ಅರ್ಕಾವೊತ್ತನ್ನು ನಾವು ಕೊನೆಗೆ ಬರೆಯುತ್ತೇವೆ, ಕಂಪ್ಯೂಟರು ಮಾತ್ರ ನಾವು ಉಚ್ಚರಿಸುವ ಹಾಗೆ ‘ರ’ವನ್ನೇ ‘ಯ’ಗಿಂತ ಮೊದಲು ಇಟ್ಟುಕೊಳ್ಳುತ್ತದೆ.

ಮಾಡಿ ನೋಡಿ

ನಿಮ್ಮ ಶಾಲೆಯ ಹಳೆಯ ಸಂಚಿಕೆಗಳ, ನಾಟಕಗಳ ಫೈಲುಗಳು ಕಂಪ್ಯೂಟರಿನಲ್ಲಿ ಇರಬಹುದು. ಟೀಚರನ್ನು ಕೇಳಿ ಒಂದನ್ನು ತೆರೆಯಿರಿ. ಒಂದು ಸಾಲನ್ನು ಕಾಪಿ ಮಾಡಿ ಮೊಬೈಲಿಗೆ ಮೆಸೇಜು ಕಳಿಸಿ. ಕನ್ನಡವಾಗಿಯೇ ಬಂದರೆ ಅದು ಯೂನಿಕೋಡ್. ಗೀಚುಗಳು ಬಂದರೆ ಹಳೆಯ ಫಾಂಟ್. ಪರಿವರ್ತಕ ತಂತ್ರಾಂಶದಿಂದ ಅದನ್ನು ಯೂನಿಕೋಡಿಗೆ ಬದಲಾಯಿಸಬಹುದು. ಬದಲಾಯಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಓದಿ ತಿದ್ದಿ. ಆ ಫಾಂಟ್ ಇರುವ ಕಂಪ್ಯೂಟರು ಕೆಡುವ ಮೊದಲೇ ಈ ಕೆಲಸ ಮುಗಿಸಿದರೆ, ನಿಮ್ಮ ಅಕ್ಕ-ಅಣ್ಣಂದಿರು ಬರೆದದ್ದನ್ನು ಮುಂದೆ ಬರುವ ತಮ್ಮ-ತಂಗಿಯರೂ ಓದಬಹುದು.