ಹಬ್ಬ ಯಾರದು?

ಅಮೀರ್‌ಪೇಟಿನ ನಮ್ಮ ಕೋಣೆಯಲ್ಲಿ ನಾವು ನಾಲ್ಕು ಜನ. ನಾನು ಕಲಬುರಗಿ ಕಡೆಯವನು. ಇನ್ನೊಬ್ಬ ಬೀದರಿನವನು, ಮುಸಲ್ಮಾನ. ನಮ್ಮ ಪತ್ರಿಕೆಯ ತಲೆಬರಹಗಳನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಡುವವನು ಅವನೇ. ಮೂರನೆಯವನು ಮೈಸೂರಿನವನು. ನಾಲ್ಕನೆಯವರು ರಾಯಚೂರು ಕಡೆಯ ಅಣ್ಣ. ನಮಗಿಂತ ಹಿರಿಯರು, ಕೊರಳಲ್ಲಿ ಇಷ್ಟಲಿಂಗ. ಕೆಳಗೆ ಬೀದಿಯಲ್ಲಿ ತೆಲುಗು, ಉರ್ದು, ಹಿಂದಿ. ಕೋಣೆಯೊಳಗೆ ಮಾತ್ರ ಕನ್ನಡ, ಅದೂ ನಾಲ್ಕು ಬಗೆಯದು.

೨೦೨೫ ರ ಸೆಪ್ಟೆಂಬರ್ ೨೨ ರಂದು ಮೈಸೂರು ದಸರಾ ಉದ್ಘಾಟನೆಯಾಯಿತು. ಉದ್ಘಾಟಿಸಿದವರು ಬಾನು ಮುಷ್ತಾಕ್. ಆ ವರ್ಷದ ಮೇ ತಿಂಗಳಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಇದೇ ಕೋಣೆಯಲ್ಲಿ ನಾವು ನಾಲ್ವರೂ ಕುಣಿದಿದ್ದೆವು. ಆದರೆ ಆ ರಾತ್ರಿ ಫೋನಿನಲ್ಲಿ ಚಾಮುಂಡಿಬೆಟ್ಟದ ದೃಶ್ಯ ನೋಡುತ್ತಿದ್ದಾಗ ಮೈಸೂರಿನ ಗೆಳೆಯನಿಗೆ ಸಿಟ್ಟು ಬಂತು.

‘ಬರೆದಿದ್ದಾರೆ, ಒಪ್ಪಿದೆ. ಆದ್ರೆ ನಂಬಿಕೆ ಇಲ್ದೋರು ಹೂ ಹಾಕಿದ್ರೆ ಅದೆಂಥ ಪೂಜೆ?’ ಎಂದವನು ಬೀದರಿನವನ ಕಡೆ ತಿರುಗಿ, ‘ನೀನೇ ಹೇಳೋ, ಇದು ನಿಮ್ಮ ಹಬ್ಬಾನಾ?’ ಎಂದು ಕೇಳಿಬಿಟ್ಟ.

ಬೀದರಿನವನು ತುಸು ಹೊತ್ತು ಸುಮ್ಮನಿದ್ದ. ‘ಹಂಗಾದ್ರ ನಮ್ದು ಯಾವ್ದಪಾ?’ ಎಂದು ಚಪ್ಪಲಿ ಮೆಟ್ಟಿಕೊಂಡು ಚಹಾ ಕುಡಿಯಲು ಇಳಿದುಹೋದ. ನಾನು ಅಲ್ಲೇ ಇದ್ದೆ. ಏನೂ ಮಾತಾಡಲಿಲ್ಲ.

ಆಡದೆ ಹೋದ ಮಾತನ್ನು ಈಗ ಬರೆಯುತ್ತಿದ್ದೇನೆ. ಹಬ್ಬದ ಹೆಸರಿನಲ್ಲಿ ನಾವು ಆಡುವ ಜಗಳ ಒಂದೇ ಜಗಳವಲ್ಲ. ದಿನದ ಜಗಳ ಬೇರೆ, ರೂಢಿಯ ಜಗಳ ಬೇರೆ, ನಂಬಿಕೆಯ ಜಗಳ ಬೇರೆ, ಗುರುತಿನ ಜಗಳ ಬೇರೆ. ಒಂದರ ಪ್ರಶ್ನೆಗೆ ಇನ್ನೊಂದರ ಉತ್ತರ ಕೊಟ್ಟಾಗ ಎದುರಿಗಿದ್ದವನಿಗೆ ಗಾಯವಾಗುತ್ತದೆ. ಇಷ್ಟೇ ನನ್ನ ವಾದ.

ಮೊದಲು ದಿನದ ಜಗಳ. ಇದು ಎಲ್ಲಕ್ಕಿಂತ ಹೆಚ್ಚು ಸದ್ದು ಮಾಡುತ್ತದೆ, ಆದರೆ ಎಲ್ಲಕ್ಕಿಂತ ಸುಲಭದ್ದು. ಹೈದರಾಬಾದಿನಲ್ಲಿ ಗಣಪತಿಗಳೆಲ್ಲ ಹುಸೇನ್ ಸಾಗರದ ಕಡೆ ಹೊರಡುವುದು ಅನಂತ ಚತುರ್ದಶಿಗೆ, ಅಂದರೆ ಭಾದ್ರಪದ ಶುಕ್ಲದ ಹದಿನಾಲ್ಕಕ್ಕೆ. ಮಿಲಾದ್ ಬರುವುದು ರಬೀ ಉಲ್ ಅವ್ವಲ್ ತಿಂಗಳ ಹನ್ನೆರಡಕ್ಕೆ. ನಾವು ಅಮಾವಾಸ್ಯೆ ಮುಗಿದ ಮರುದಿನದಿಂದ ತಿಥಿ ಎಣಿಸುತ್ತೇವೆ, ಅವರು ಚಂದ್ರ ಕಣ್ಣಿಗೆ ಬಿದ್ದ ಮೇಲೆ ಎಣಿಸುತ್ತಾರೆ. ಹಾಗಾಗಿ ನಮ್ಮ ಹದಿನಾಲ್ಕೂ ಅವರ ಹನ್ನೆರಡೂ ಹೆಚ್ಚುಕಡಿಮೆ ಒಂದೇ ಚಂದ್ರ. ಹನ್ನೆರಡು ಚಾಂದ್ರಮಾಸಗಳೆಂದರೆ ೩೫೪ ದಿನ. ಸೌರವರ್ಷಕ್ಕೆ ಹನ್ನೊಂದು ದಿನ ಕಡಿಮೆ. ನಮ್ಮ ಪಂಚಾಂಗದಲ್ಲಿ ಮೂರು ವರ್ಷಕ್ಕೊಂದರಂತೆ ಅಧಿಕಮಾಸ ಸೇರಿಸಿ ಈ ಲೆಕ್ಕ ಸರಿಮಾಡುತ್ತಾರೆ. ಹಿಜರಿ ಲೆಕ್ಕದಲ್ಲಿ ಸೇರಿಸುವುದಿಲ್ಲ. ಆದ್ದರಿಂದ ಮುಸಲ್ಮಾನರ ಹಬ್ಬಗಳು ಸುಮಾರು ಮೂವತ್ಮೂರು ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ. ಆ ಸುತ್ತಿನಲ್ಲಿ ಒಂದೆರಡು ಮೂರು ವರ್ಷ ನಮ್ಮ ತಿಂಗಳೂ ಅವರ ತಿಂಗಳೂ ಜೊತೆಯಾಗಿ ನಡೆಯುತ್ತವೆ.

೨೦೨೩ ರ ಅಧಿಕ ಶ್ರಾವಣಕ್ಕೂ ೨೦೨೬ ರ ಅಧಿಕ ಜ್ಯೇಷ್ಠಕ್ಕೂ ನಡುವೆ ಆದದ್ದು ಇದೇ. ೨೦೨೩ ರಲ್ಲಿ ಸೆಪ್ಟೆಂಬರ್ ೨೮ ರಂದು ಎರಡೂ ಒಂದೇ ದಿನ ಬಿದ್ದವು. ೨೦೨೪ ರಲ್ಲಿ ೧೬ ಮತ್ತು ೧೭. ೨೦೨೫ ರಲ್ಲಿ ೫ ಮತ್ತು ೬. ಮೂರು ವರ್ಷವೂ ಹೈದರಾಬಾದಿನ ಮಿಲಾದ್ ಮೆರವಣಿಗೆಯವರು ತಮ್ಮ ಜುಲೂಸನ್ನು ಮುಂದಕ್ಕೆ ಹಾಕಿದರು. ೨೦೨೩ ರಲ್ಲಿ ಅಕ್ಟೋಬರ್ ೧ ಕ್ಕೆ, ೨೦೨೪ ರಲ್ಲಿ ಸೆಪ್ಟೆಂಬರ್ ೧೯ ಕ್ಕೆ. ಹಬ್ಬ ಮುಂದೆ ಹೋಗಲಿಲ್ಲ, ಮೆರವಣಿಗೆ ಹೋಯಿತು. ನಮಾಜು ಅಂದೇ ಆಯಿತು, ಬೀದಿ ಮಾತ್ರ ಇನ್ನೊಂದು ದಿನಕ್ಕೆ ಉಳಿಯಿತು. ದಿನದ ಜಗಳಕ್ಕೆ ಮದ್ದು ಇದೇ: ಕೂತು ಮಾತಾಡುವುದು, ಒಬ್ಬರು ಸರಿದು ದಾರಿ ಕೊಡುವುದು. ಆದರೆ ಸರಿಯುವ ಸರದಿ ಯಾವಾಗಲೂ ಒಬ್ಬರದೇ ಆಗಬಾರದು. ಮೂರು ವರ್ಷ ದಾರಿ ಬಿಟ್ಟವರಿಗೆ ಒಂದು ಥ್ಯಾಂಕ್ಸ್ ಆದರೂ ನಮ್ಮಲ್ಲಿ ಎಷ್ಟು ಜನ ಹೇಳಿದೆವು?

ಎರಡನೆಯದು ರೂಢಿ. ರೂಢಿ ಜಾತಿ ಮತ ಕೇಳುವುದಿಲ್ಲ, ಊರು ಕೇಳುತ್ತದೆ. ಇದನ್ನು ಅಮೀರ್‌ಪೇಟೆಯೇ ನಮಗೆ ಕಲಿಸಿತು. ನಮ್ಮ ಕೋಣೆಯಿಂದ ನಡೆದುಹೋಗುವಷ್ಟು ಹತ್ತಿರ ಬಲ್ಕಂಪೇಟೆ ಎಲ್ಲಮ್ಮನ ಗುಡಿ. ಮೂರ್ತಿ ಇರುವುದು ನೆಲಮಟ್ಟಕ್ಕಿಂತ ಕೆಳಗೆ, ಬಾವಿಯೊಳಗೆ. ಸವದತ್ತಿಯಲ್ಲಿ ನಾವು ಉಧೋ ಉಧೋ ಎನ್ನುವ ತಾಯಿಯೇ ಈಕೆ. ಈಕೆಯ ಕಲ್ಯಾಣ ನಡೆಯುವುದು ಆಷಾಢದ ಮೊದಲ ಮಂಗಳವಾರ. ಮೈಸೂರಿನವನು ಮೊದಲ ವರ್ಷ ಕೇಳಿ ಬೆಚ್ಚಿಬಿದ್ದ. ‘ಆಷಾಢದಲ್ಲಿ ಮದ್ವೇನಾ? ನಮ್ಮಲ್ಲಿ ಹೊಸ ಮದುಮಗಳನ್ನೇ ತೌರಿಗೆ ಕಳಿಸಿಬಿಡ್ತಾರೆ!’ ನಮ್ಮ ಮೆಸ್ಸಿನ ತೆಲುಗು ಅಕ್ಕ ನಕ್ಕರು. ಅವರಿಗೆ ಆಷಾಢವೆಂದರೆ ಬೋನಾಲು. ಹೊಸ ಗಡಿಗೆಯಲ್ಲಿ ಅನ್ನ ಬೇಯಿಸಿ, ಬೇವಿನ ಸೊಪ್ಪು ಕಟ್ಟಿ, ತಲೆಯ ಮೇಲೆ ಹೊತ್ತು ಅಮ್ಮನಿಗೆ ಒಯ್ಯುವ ತಿಂಗಳು. ಇಬ್ಬರೂ ಹಿಂದೂಗಳೇ. ಒಬ್ಬರ ಶೂನ್ಯಮಾಸ ಇನ್ನೊಬ್ಬರ ದೊಡ್ಡ ಹಬ್ಬ.

ದಸರಾ ಇನ್ನೂ ಮಜಾ. ತೆಲಂಗಾಣದಲ್ಲಿ ದಸರೆಯೆಂದರೆ ಮನೆಮನೆಯಲ್ಲೂ ಮಟನ್ನು. ೨೦೨೫ ರಲ್ಲಿ ವಿಜಯದಶಮಿ ಅಕ್ಟೋಬರ್ ೨ ಕ್ಕೇ ಬಂತು. ಗಾಂಧಿ ಜಯಂತಿ, ಮಾಂಸದಂಗಡಿ ಬಂದ್. ಬೀದಿಯ ತುಂಬ ಅದೇ ಚಿಂತೆ. ‘ದಸರೆಗೆ ಮಾಂಸವಾ!’ ಎಂದು ಮೈಸೂರಿನವನು ಮೂಗು ಮುಚ್ಚಿಕೊಂಡರೆ, ‘ಮಾಂಸ ಇಲ್ಲದ ದಸರೆಯಾ!’ ಎಂದು ಅಕ್ಕ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಇಬ್ಬರಲ್ಲಿ ನಿಜವಾದ ದಸರೆ ಯಾರದು ಎಂದು ಯಾವ ನ್ಯಾಯಾಲಯ ಹೇಳಬೇಕು?

ಇನ್ನು ನಮ್ಮ ಕಡೆಯ ಮೊಹರಂ ನೋಡಿ. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ ಹೆಸರಾದದ್ದು. ಮುಸಲ್ಮಾನರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಹಿಂದೂಗಳೇ ಪಂಜಾ ಕೂಡಿಸುತ್ತಾರೆ, ಅಲಾಯಿ ಕುಣಿಯುತ್ತಾರೆ, ಕರ್ಬಲಾದ ಕಥೆಯನ್ನು ರಿವಾಯತ್ ಪದಗಳಲ್ಲಿ ಅಚ್ಚ ಕನ್ನಡದಲ್ಲಿ ಹಾಡುತ್ತಾರೆ. ಇದೇ ಹಬ್ಬವನ್ನು ತೆಲಂಗಾಣದ ಹಳ್ಳಿಗರು ಪೀರ್ಲ ಪಂಡುಗ ಎನ್ನುತ್ತಾರೆ. ರಾಯಚೂರಿನ ಅಣ್ಣ ಚಿಕ್ಕವರಿದ್ದಾಗ ಫಕೀರರಾಗಿ ಕೊರಳಿಗೆ ಕೆಂಪು ದಾರ ಹಾಕಿಕೊಂಡವರು. ‘ನಿಮ್ಮ ಹಬ್ಬವೇನು?’ ಎಂದು ಅವರನ್ನು ಯಾರೂ ಕೇಳಲಿಲ್ಲ.

ಮೂರನೆಯದು ನಂಬಿಕೆ. ಇಲ್ಲಿ ನಾವು ಮೆತ್ತಗೆ ಕಾಲಿಡಬೇಕು. ‘ಎಲ್ಲ ಒಂದೇ ಬಿಡ್ರಿ’ ಎಂದು ತೇಲಿಸಿಬಿಡುವವರು ನಂಬುವವನಿಗೂ ಅನ್ಯಾಯ ಮಾಡುತ್ತಾರೆ, ನಂಬದವನಿಗೂ ಅನ್ಯಾಯ ಮಾಡುತ್ತಾರೆ. ಅಣ್ಣ ಗಣಪತಿಗೆ ಕೈ ಮುಗಿಯುವುದಿಲ್ಲ. ‘ಅಂಗೈಯಾಗ ಲಿಂಗ ಇರುವಾಗ ಬ್ಯಾರೆ ದೇವ್ರು ಯಾಕ?’ ಎನ್ನುತ್ತಾರೆ. ಕಡುಬು ಕೊಟ್ಟರೆ ಮಾತ್ರ ಬಿಡುವುದಿಲ್ಲ. ಲಿಂಗಾಯತ ಬೇರೆ ಧರ್ಮವೋ ಅಲ್ಲವೋ ಎಂಬ ವಾದ ಹಳೆಯದು. ೨೦೧೮ ರಲ್ಲಿ ಕರ್ನಾಟಕ ಸರ್ಕಾರ ಕೇಂದ್ರಕ್ಕೆ ಶಿಫಾರಸು ಮಾಡುವವರೆಗೂ ಅದು ಹೋಯಿತು, ಮನೆಮನೆಯಲ್ಲಿ ಅಣ್ಣತಮ್ಮಂದಿರು ಎರಡು ಪಕ್ಷವಾದರು. ದೀಪಾವಳಿಯ ದೀಪವನ್ನೇ ತೆಗೆದುಕೊಳ್ಳಿ. ಒಬ್ಬನಿಗೆ ಅದು ಬಲಿ ಚಕ್ರವರ್ತಿಯದು, ಜೈನನಿಗೆ ಮಹಾವೀರನ ನಿರ್ವಾಣದ್ದು. ದೀಪ ಒಂದೇ, ನಂಬಿಕೆ ಒಂದಲ್ಲ. ಒಂದಾಗಬೇಕೆಂದೂ ಇಲ್ಲ.

ಹಾಗಾಗಿ ಮೈಸೂರಿನವನ ಪ್ರಶ್ನೆಯನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಅವನ ಅಜ್ಜಿ ಆಷಾಢ ಶುಕ್ರವಾರ ಬೆಟ್ಟದ ಮೆಟ್ಟಿಲಿಗೆ ಅರಿಸಿನ ಕುಂಕುಮ ಹಚ್ಚುತ್ತ ಹತ್ತಿದವರು. ದೇವಿಯ ಮುಂದೆ ನಿಂತವರ ಮನಸ್ಸಿನಲ್ಲಿ ಏನಿದೆ ಎಂದು ಅವನಿಗೆ ಅನ್ನಿಸಿದ್ದು ಸಹಜ. ಆದರೆ ಮನಸ್ಸಿನೊಳಗಿನದನ್ನು ಅಳೆಯುವ ಅಳತೆಗೋಲು ಅವನಲ್ಲೂ ಇಲ್ಲ, ನನ್ನಲ್ಲೂ ಇಲ್ಲ. ಹೋಗುವುದೋ ಬೇಡವೋ, ಹೂ ಹಾಕುವುದೋ ಬೇಡವೋ ಎಂಬುದು ಕರೆಯಿಸಿಕೊಂಡವರು ತಾವೇ ತೀರ್ಮಾನಿಸಬೇಕಾದ ಮಾತು. ಬಾನು ಮುಷ್ತಾಕ್ ತೀರ್ಮಾನಿಸಿದರು, ಹೋದರು, ದೀಪ ಹಚ್ಚಿ ಹೂ ಹಾಕಿದರು.

ಅವರನ್ನು ಕರೆಯಬಹುದೇ ಎಂಬುದು ಮಾತ್ರ ನಂಬಿಕೆಯ ಪ್ರಶ್ನೆಯಲ್ಲ, ಗುರುತಿನ ಪ್ರಶ್ನೆ. ಇದು ನಾಲ್ಕನೆಯದು. ದಸರಾ ಎರಡು ಮುಖದ ಹಬ್ಬ: ಗರ್ಭಗುಡಿಯಲ್ಲಿ ಅದು ದೇವಿಯ ಪೂಜೆ, ಬೀದಿಗೆ ಬಂದರೆ ಸರ್ಕಾರದ ಖರ್ಚಿನ ನಾಡಹಬ್ಬ. ನಾಡಹಬ್ಬ ಎಂದ ಮೇಲೆ ನಾಡಿನಲ್ಲಿ ಇರುವವರೆಲ್ಲರದು. ೨೦೧೭ ರಲ್ಲಿ ಕವಿ ನಿಸಾರ್ ಅಹಮದ್ ಉದ್ಘಾಟಿಸಿದ್ದರು. ಬಾನು ಅವರನ್ನು ಕರೆದದ್ದನ್ನು ಪ್ರಶ್ನಿಸಿದ ಅರ್ಜಿಗಳನ್ನು ೨೦೨೫ ರ ಸೆಪ್ಟೆಂಬರ್ ೧೫ ರಂದು ಕರ್ನಾಟಕ ಹೈಕೋರ್ಟು ವಜಾ ಮಾಡಿತು. ೧೯ ರಂದು ಸುಪ್ರೀಂ ಕೋರ್ಟೂ ಕೈಹಾಕಲು ಒಪ್ಪಲಿಲ್ಲ. ನಂಬಿಕೆಯ ಕೋಲಿನಿಂದ ಗುರುತನ್ನು ಅಳೆದದ್ದೇ ನಮ್ಮ ಗೆಳೆಯನ ತಪ್ಪು.

ಗುರುತಿನ ಗಾಯ ನಮ್ಮ ಕಡೆಯವರಿಗೆ ಹೊಸದಲ್ಲ. ನಿಜಾಮನ ರಾಜ್ಯದಲ್ಲಿ ಹದಿನಾರು ಜಿಲ್ಲೆ. ಅದರಲ್ಲಿ ಕನ್ನಡದವು ಬೀದರ್, ಗುಲ್ಬರ್ಗಾ, ರಾಯಚೂರು ಮೂರೇ. ೧೯೪೮ ರ ಸೆಪ್ಟೆಂಬರ್ ೧೭ ರಂದು ಆ ರಾಜ್ಯ ಭಾರತಕ್ಕೆ ಸೇರಿತು. ಆ ದಿನಕ್ಕೆ ಹೆಸರೇನು? ನಮ್ಮಲ್ಲಿ ವಿಮೋಚನಾ ದಿನ ಎಂದಿದ್ದದ್ದು ೨೦೧೯ ರಿಂದ ಕಲ್ಯಾಣ ಕರ್ನಾಟಕ ಉತ್ಸವ ದಿನವಾಯಿತು. ಇಲ್ಲಿ ಕೇಂದ್ರದವರು ವಿಮೋಚನೆ ಎಂದರೆ, ತೆಲಂಗಾಣ ಸರ್ಕಾರ ೨೦೨೨ ರಲ್ಲಿ ಸಮೈಕ್ಯತೆ ಎಂದಿತು, ೨೦೨೪ ರಲ್ಲಿ ಪ್ರಜಾಪಾಲನೆ ಎಂದಿತು. ಬೀದರ್ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ಮಾಡಿದ ಕೊಲೆಗಳನ್ನು ನೆನೆದವನಿಗೆ ವಿಮೋಚನೆ ಎಂಬುದು ದೊಡ್ಡ ಮಾತೇನೂ ಅಲ್ಲ. ಆದರೆ ಆ ಮಾತನ್ನು ಮುಸಲ್ಮಾನರಿಂದ ವಿಮೋಚನೆ ಎಂಬಂತೆ ಆಡಿದಾಗ ನನ್ನ ಗೆಳೆಯ ತಲೆ ತಗ್ಗಿಸಬೇಕಾಗುತ್ತದೆ. ರಜಾಕಾರರ ವಿರುದ್ಧ ಬರೆದು ೧೯೪೮ ರ ಆಗಸ್ಟಿನಲ್ಲಿ ಇದೇ ಊರಿನಲ್ಲಿ ಕೊಲೆಯಾದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಯಾರು? ಅವರೂ ಮುಸಲ್ಮಾನರೇ. ಹೆಸರು ಇಡುವಾಗ ಅವರನ್ನೂ ಒಳಗೆ ಇಟ್ಟುಕೊಂಡು ಇಡಬೇಕು.

ಈಗ ನಮ್ಮ ಸಂಘದ ಮಾತಿಗೆ ಬರುತ್ತೇನೆ. ನವೆಂಬರ್ ಒಂದಕ್ಕೆ ಭುವನೇಶ್ವರಿಯ ಪಟ ಇಟ್ಟು, ಆರತಿ ಎತ್ತಿ ಶುರುಮಾಡುವುದು ವಾಡಿಕೆ. ಭಾಷೆಯನ್ನು ದೇವಿಯಾಗಿ ಮಾಡಿದರೆ ತನ್ನಂಥವರು ಎಲ್ಲಿ ನಿಲ್ಲಬೇಕು ಎಂಬ ಅರ್ಥದ ಮಾತನ್ನು ಬಾನು ಮುಷ್ತಾಕ್ ೨೦೨೩ ರಲ್ಲಿ ಆಡಿದ್ದರು. ಅವರನ್ನು ವಿರೋಧಿಸಿದವರು ಎತ್ತಿ ಆಡಿದ್ದೂ ಅದನ್ನೇ. ನನಗೆ ತೋಚುವುದು ಇಷ್ಟು. ಪಟ ಇರಲಿ, ಭಕ್ತಿ ಇದ್ದವರು ಮೊದಲೇ ಬಂದು ಹೂವಿಟ್ಟು ಕೈಮುಗಿಯಲಿ, ಅದು ನಂಬಿಕೆ. ಕಾರ್ಯಕ್ರಮ ಮಾತ್ರ ನಾಡಗೀತೆಯಿಂದ ಆರಂಭವಾಗಲಿ, ಅದು ಗುರುತು. ಅದಕ್ಕೆ ಎಲ್ಲರೂ ಎದ್ದು ನಿಲ್ಲೋಣ. ಒಪ್ಪದವರು ಸಭೆಯಲ್ಲಿ ಹೇಳಿ, ವಾದ ಮಾಡೋಣ.

ಕೊನೆಗೆ ಅಕ್ಟೋಬರ್ ೨ ರ ಸಂಜೆ ನಡೆದದ್ದು. ಅಣ್ಣ ಮಾರುಕಟ್ಟೆಯಿಂದ ಬನ್ನಿ ತಂದರು. ಇಲ್ಲಿ ಅದನ್ನು ಜಮ್ಮಿ ಎನ್ನುತ್ತಾರೆ. ಎಲೆ ಹಂಚಿಕೊಳ್ಳುವ ರೂಢಿ ನಮ್ಮ ಕಡೆಯೂ ಇದೆ, ತೆಲಂಗಾಣದಲ್ಲೂ ಇದೆ. ಎರಡೂ ಕಡೆ ಆ ಎಲೆಗೆ ಬಂಗಾರ ಎಂದೇ ಹೆಸರು. ಮೈಸೂರಿನವನು ಎಲೆ ಕೈಯಲ್ಲಿ ಹಿಡಿದು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ. ಬೀದರಿನವನೇ ಎದ್ದು ಹೋಗಿ ತೋರಿಸಿಕೊಟ್ಟ. ‘ಹಿಂಗ್ ಕೊಡ್ಬೇಕು. ಬಂಗಾರ ತಗೊಂಡು ಬಂಗಾರದಂಗ ಇರೋಣು ಅನ್ಬೇಕು.’

‘ನಿಂಗೆ ಹೇಗೋ ಗೊತ್ತು?’

‘ನಮ್ಮೂರ ಹಬ್ಬ ಅಲ್ಲೇನೋ?’

ಮೈಸೂರಿನವನು ಎಲೆ ತೆಗೆದುಕೊಂಡು ಅವನ ಕೈಯನ್ನು ಸ್ವಲ್ಪ ಹೊತ್ತು ಹಿಡಿದೇ ಇದ್ದ. ಬಾನು ಮುಷ್ತಾಕ್ ವಿಷಯದಲ್ಲಿ ಅವನ ಅಭಿಪ್ರಾಯ ಬದಲಾಗಿಲ್ಲ. ಈಗಲೂ ವಾದ ಮಾಡುತ್ತಾನೆ. ಆದರೆ ‘ನಿಮ್ಮ’ ಎಂಬ ಮಾತನ್ನು ಬಿಟ್ಟಿದ್ದಾನೆ.

ಅಂದು ರಾತ್ರಿ ಚಹಾ ಕುಡಿಯುವಾಗ ಬೀದರಿನವನು ನನಗೆ ಒಂದು ಮಾತು ಹೇಳಿದ. ‘ಅಂವಾ ಕೇಳಿದ್ದಕ್ಕ ನನಗ ಬ್ಯಾಸರ ಆಗ್ಲಿಲ್ಲಪಾ. ಅಂವಾ ನಮ್ಮ ಕಡೆಯವ ಅಲ್ಲ, ಗೊತ್ತಿರಲಿಲ್ಲ. ನಿನಗ ಎಲ್ಲಾ ಗೊತ್ತಿತ್ತು. ನೀ ಸುಮ್ಮ ಕುಂತಿದ್ದಕ್ಕ ಬ್ಯಾಸರ ಆಯ್ತು.’

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅದಕ್ಕೇ ಈ ಲೇಖನ. ಬರೆದು ಮೊದಲು ಅವನಿಗೇ ಓದಲು ಕೊಟ್ಟೆ. ಎರಡು ಕಡೆ ಕಾಗುಣಿತ ತಿದ್ದಿದ. ಮೇಲಿನ ತಲೆಬರಹ ಅವನದೇ ಅಕ್ಷರ.