ಲ್ಯಾಪ್‌ಟಾಪ್: ಈಗಲೇ ಕೊಳ್ಳುವುದೇ, ಕಾಯುವುದೇ?

ಮಗಳು ಬಿ.ಸಿ.ಎ.ಗೆ ಸೇರಿದ್ದಾಳೆ. ಲ್ಯಾಪ್‌ಟಾಪಿಗೆಂದು ನೀವು ಹಣ ಕೂಡಿಟ್ಟಿದ್ದೀರಿ. ಅಷ್ಟರಲ್ಲಿ ಯಾರೋ, 'ಹೊಸ ಪ್ರೊಸೆಸರ್ ಬರಲಿದೆ, ತಡೆಯಿರಿ' ಎನ್ನುತ್ತಾರೆ. ಹೊಸದು ಪ್ರತಿವರ್ಷವೂ ಬರುತ್ತದೆ. ಅಲ್ಲಿಯವರೆಗೆ ಅವಳು ಅಣ್ಣನ ಮೊಬೈಲಿನಲ್ಲಿ ಪ್ರೋಗ್ರಾಂ ಬರೆಯಬೇಕೇ? (ಅಣ್ಣನಿಗಾಗಿದ್ದರೆ ಇಷ್ಟು ಕಾಯಿಸುತ್ತಿದ್ದೆವೇ?) ಹೊಸದು ಬಂದಾಗ ಹಿಂದಿನ ಮಾದರಿಯ ಬೆಲೆ ಇಳಿಯುವುದುಂಟು, ಅವಳ ಓದಿಗೆ ಅದೇ ಧಾರಾಳ.

ರ‍್ಯಾಮ್ 16 ಜಿಬಿ ಇರಲಿ. ತೆಳ್ಳಗಿನ ಹಲವು ಮಾದರಿಗಳಲ್ಲಿ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಆಮೇಲೆ ಹೆಚ್ಚಿಸಲಾಗದು. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಎಚ್ಚರ: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅನಂತರದ ಪ್ರೊಸೆಸರೇ ಬೇಕು. ಅಂಗಡಿಯವರು 'ಐ5' ಎಂದರೆ ತಲೆಯಾಡಿಸಬೇಡಿ. ಆ ಹೆಸರು 2009ರಿಂದಲೂ ಇದೆ. ಅದರ ಮುಂದಿನ ಪೂರ್ತಿ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.