ಸೇವಂತಿಗೆ ಹೊಲಕ್ಕೆ ಎಂಥಾ ಎಲ್‌ಇಡಿ?

ರಾತ್ರಿ ಹೊತ್ತು ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಬಸ್ಸಲ್ಲಿ ಹೋದವರು ಹೊಲದ ತುಂಬ ಬಲ್ಬು ಉರಿಯುವುದನ್ನು ನೋಡಿರುತ್ತೀರಿ. ಜಾತ್ರೆಯೂ ಅಲ್ಲ, ಮದುವೆಯೂ ಅಲ್ಲ, ಸೇವಂತಿಗೆ ಸಸಿಗೆ ಹಾಕಿದ ದೀಪ. ಹಿಂದೆ 60 ವ್ಯಾಟಿನ ಹಳೇ ಬಲ್ಬು ಇತ್ತು, ಆಮೇಲೆ ಸಿಎಫ್‌ಎಲ್ ಬಂತು, ಈಗ ಎಲ್‌ಇಡಿ. ಅದರ ಜೊತೆಗೇ ಇನ್ನೊಂದು ಸರಕು ಬಂದಿದೆ. ನೇರಳೆ ಬಣ್ಣಕ್ಕೆ ಉರಿಯುವ ‘ಗ್ರೋ ಲೈಟ್’. ‘ಇದು ಗಿಡಕ್ಕೆಂದೇ ಮಾಡಿದ್ದು, ಮಾಮೂಲಿ ಬಲ್ಬು ಮನೆಗೆ ಮಾಡಿದ್ದು’ ಅಂತ ಹೇಳಿ ಮಾರುವವರಿದ್ದಾರೆ. ಬೆಲೆ ಮಾಮೂಲಿ ಬಲ್ಬಿನ ಎಷ್ಟೋ ಪಟ್ಟು.

ನಾನು ಹತ್ತು ಗುಂಟೆಯಲ್ಲಿ ಸೇವಂತಿಗೆ ಮಾಡುವವನು. ಕೊಳ್ಳಬೇಕೋ ಬೇಡವೋ ಅಂತ ಕೇಳಿದವರಿಗೆ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: ನಿಮ್ಮ ಗಿಡಕ್ಕೆ ಬೆಳಕು ಬೇಕಾಗಿರುವುದು ಊಟಕ್ಕೋ, ಸುಳಿವಿಗೋ? ಇದೊಂದು ತಿಳಿದರೆ ಬಾಕಿಯೆಲ್ಲ ಸಲೀಸು.

ಗಿಡ ಎಣಿಸುವುದು ರಾತ್ರಿಯನ್ನು

ನಮ್ಮ ಕಡೆಯವರಿಗೆ ಅವರೆ ಉದಾಹರಣೆ ಸಾಕು. ಹಳೇ ನಾಟಿ ಅವರೆಯನ್ನು ಜೂನಿನಲ್ಲಿ ಹಾಕಿ, ಆಗಸ್ಟಿನಲ್ಲಿ ಹಾಕಿ, ಹೂ ಬಿಡುವುದು ಮಾತ್ರ ಚಳಿ ಹುಟ್ಟಿ ಹಗಲು ಕುಗ್ಗಿದ ಮೇಲೆಯೇ. ಅದಕ್ಕೇ ಸೊಗಡಿನ ಅವರೆಕಾಯಿ ಸಂಕ್ರಾಂತಿಯ ಆಸುಪಾಸಿಗೆ ಬರುತ್ತದೆ. ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಈ ಕಟ್ಟುಪಾಡು ಇಲ್ಲ. ಆದ್ದರಿಂದ ಅವನ್ನು ವರ್ಷವಿಡೀ ಬೆಳೆಯಬಹುದು.

ಇದನ್ನು ಮೊದಲು ಶಾಸ್ತ್ರೀಯವಾಗಿ ತೋರಿಸಿದವರು ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್, 1920ರಲ್ಲಿ. ಬೇಸಿಗೆಯಲ್ಲಿ ಹೂವನ್ನೇ ಬಿಡದೆ ಆಳೆತ್ತರ ಮೀರಿ ಬೆಳೆಯುತ್ತಿದ್ದ ಒಂದು ಹೊಗೆಸೊಪ್ಪಿನ ತಳಿಯ ಹಗಲನ್ನು ಮೊಟಕು ಮಾಡಿದಾಗ ಅದು ಹೂ ಬಿಟ್ಟಿತು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬುವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಗಲಿನ ನಡುವೆ ಸ್ವಲ್ಪ ಹೊತ್ತು ಕತ್ತಲೆ ಮಾಡಿದರೆ ಗಿಡಕ್ಕೆ ಏನೂ ಆಗಲಿಲ್ಲ. ನಡುರಾತ್ರಿ ಸ್ವಲ್ಪ ಹೊತ್ತು ಬೆಳಕು ಕೊಟ್ಟರೆ ಹೂವೇ ನಿಂತುಹೋಯಿತು. ಅಂದರೆ ಗಿಡ ಎಣಿಸುವುದು ಹಗಲನ್ನಲ್ಲ, ಎಡೆಬಿಡದ ಕತ್ತಲೆಯನ್ನು.

ಸೇವಂತಿಗೆಯೂ ಇದೇ ಗುಂಪಿನದು. ರಾತ್ರಿ ಉದ್ದವಾದರೆ ಮೊಗ್ಗು, ಗಿಡ್ಡವಾದರೆ ಬರೀ ಎಲೆ-ಕವಲು. ಬೆಂಗಳೂರಿನ ಆಸುಪಾಸಿನಲ್ಲಿ ಜೂನಿನ ಅತಿ ಉದ್ದದ ಹಗಲೂ ಸುಮಾರು 12 ಗಂಟೆ 50 ನಿಮಿಷ ಅಷ್ಟೆ. ಡಿಸೆಂಬರಿನಲ್ಲಿ ಸುಮಾರು 11 ಗಂಟೆ 20 ನಿಮಿಷಕ್ಕೆ ಇಳಿಯುತ್ತದೆ. ಹಾಗಾಗಿ ಹಗಲು ಕುಗ್ಗಿದ ಕಾಲದಲ್ಲಿ ನೆಟ್ಟ ಸಸಿ ಗೇಣುದ್ದ ಆಗುವಷ್ಟರಲ್ಲೇ ಮೊಗ್ಗು ಹಿಡಿದುಬಿಡುತ್ತದೆ. ಕವಲಿಲ್ಲ, ಹೂವಿಲ್ಲ, ಮಂಡಿಗೆ ಹೋಗಲು ಬುಟ್ಟಿ ತುಂಬುವುದಿಲ್ಲ. ದೀಪ ಹಾಕುವುದು ಈ ಅವಸರವನ್ನು ತಡೆಯಲಿಕ್ಕೆ. ‘ಇನ್ನೂ ಕಾಲ ಬಂದಿಲ್ಲ, ಮೊದಲು ಮೈ ಕಟ್ಟಿಕೋ’ ಅಂತ ಗಿಡಕ್ಕೆ ಹೇಳಿದ ಹಾಗೆ.

ಊಟದ ಬೆಳಕಿನ ಖರ್ಚು

ಸುಳಿವು ಕೊಡುವುದಕ್ಕೆ ಚಿಟಿಕೆಯಷ್ಟು ಬೆಳಕು ಸಾಕು. ಎಲೆ ಅಡುಗೆ ಮಾಡಿಕೊಳ್ಳುವ ಬೆಳಕಿನ ಲೆಕ್ಕವೇ ಬೇರೆ. ಅದನ್ನು ಅಳೆಯುವುದು ಮೋಲ್ ಎಂಬ ಮಾನದಲ್ಲಿ. ಬೆಳಕಿನ ಕಣಗಳನ್ನು ಎಣಿಸಿ ಕಟ್ಟಿದ ಕಂತೆ ಅಂದುಕೊಳ್ಳಿ. ನಮ್ಮ ಕಡೆ ಒಳ್ಳೇ ಬಿಸಿಲಿನ ದಿನ ಒಂದು ಚದರ ಮೀಟರಿಗೆ ಸುಮಾರು 40 ಮೋಲ್ ಬಿಸಿಲು ಪುಕ್ಕಟೆ ಬೀಳುತ್ತದೆ. ಲೆಟ್ಯೂಸ್‌ನಂಥ ಸೊಪ್ಪಿಗೆ ದಿನಕ್ಕೆ 14 ಮೋಲ್ ಬೇಕು ಅನ್ನಿ.

ಒಳ್ಳೆಯ ಗ್ರೋ ಲೈಟು ಒಂದು ಯೂನಿಟ್ ಕರೆಂಟಿಗೆ ಸುಮಾರು 9 ಮೋಲ್ ಬೆಳಕು ಕೊಡುತ್ತದೆ. ಅಂದರೆ ಬಿಸಿಲೇ ಇಲ್ಲದ ಕೋಣೆಯಲ್ಲಿ ಸೊಪ್ಪು ಬೆಳೆದರೆ ಚದರ ಮೀಟರಿಗೆ ದಿನಕ್ಕೆ ಒಂದೂವರೆ ಯೂನಿಟ್. ಒಂದು ಗುಂಟೆಗೆ 155 ಯೂನಿಟ್ ದಾಟುತ್ತದೆ. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ ಒಂದು ಗುಂಟೆಗೆ ಒಂದು ದಿನಕ್ಕೆ ಸಾವಿರ ರೂಪಾಯಿಗೆ ಮೇಲಾಯಿತು! ಇದು ಬರೀ ದೀಪದ ಖರ್ಚು.

ಇಂಥ ಖರ್ಚು ತಡೆಯುವ ಬೆಳೆ ಯಾವುದು? ಕೆನಡಾ, ಅಮೆರಿಕದ ಕೆಲವು ರಾಜ್ಯಗಳಲ್ಲಿ ಕೋಣೆಯೊಳಗೆ ಬೆಳೆಯುವ ಗಾಂಜಾ. ಗ್ರೋ ಲೈಟಿನ ಮಾರುಕಟ್ಟೆ ಇಷ್ಟು ಬೆಳೆದದ್ದಕ್ಕೆ ಆ ಬೆಳೆಯೂ ಒಂದು ದೊಡ್ಡ ಕಾರಣ. ಗಾಂಜಾ ಕೂಡ ಸೇವಂತಿಗೆಯ ಹಾಗೆ ರಾತ್ರಿ ಎಣಿಸುವ ಗಿಡ. ಅವರು ಗಿಡ ಬೆಳೆಯುವ ತನಕ 18 ಗಂಟೆ ಬೆಳಕು ಕೊಟ್ಟು, ಹೂ ಬರಿಸಲು 12 ಗಂಟೆಗೆ ಇಳಿಸುತ್ತಾರೆ. ಆದರೆ ಅಲ್ಲಿ ದೀಪ ಬಿಸಿಲಿನ ಜಾಗದಲ್ಲೇ ನಿಂತು ಊಟವನ್ನೂ ಹಾಕಬೇಕು, ಚದರ ಮೀಟರಿಗೆ ದಿನಕ್ಕೆ ನಾಲ್ಕು ಯೂನಿಟ್ ಆಸುಪಾಸು. ಇಂಥ ಕೋಣೆ ಬೇಸಾಯ ಅಮೆರಿಕದ ಒಟ್ಟು ಕರೆಂಟಿನ ನೂರರಲ್ಲಿ ಒಂದು ಪಾಲನ್ನು ತಿನ್ನುತ್ತದೆ ಅಂತ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿತ್ತು. ನಮ್ಮಲ್ಲಿ ಪರವಾನಗಿ ಇಲ್ಲದೆ ಆ ಬೆಳೆ ಮಾಡುವುದು 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಅಪರಾಧ. ದೀಪದ ಡಬ್ಬಿಯ ಮೇಲೆ ‘ವೆಜ್’, ‘ಬ್ಲೂಮ್’ ಅಂತ ಎರಡು ಗುಂಡಿ ಕಂಡರೆ ಅದು ಬಯಲಿನ ಸೇವಂತಿಗೆಯನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಲ್ಲ ಅಂತ ತಿಳಿಯಿರಿ.

ನಮ್ಮ ಸೇವಂತಿಗೆಗೆ ಹಗಲು ಸೂರ್ಯ ಊಟ ಹಾಕುತ್ತಾನೆ. ರಾತ್ರಿ ನಾವು ಕೊಡುವುದು ಸುಳಿವು ಮಾತ್ರ. ಅದಕ್ಕೆ ಗುಂಟೆಗೆ ರಾತ್ರಿಯೊಂದಕ್ಕೆ ಮುಕ್ಕಾಲು ಯೂನಿಟ್ಟೂ ಬೇಡ. 155 ಎಲ್ಲಿ, ಮುಕ್ಕಾಲು ಎಲ್ಲಿ!

ಯಾವ ಬಣ್ಣ?

ಕತ್ತಲೆ ಎಣಿಸಲು ಗಿಡದ ಎಲೆಯಲ್ಲಿ ಫೈಟೋಕ್ರೋಮ್ ಎಂಬ ಬಣ್ಣದ ವಸ್ತು ಇದೆ. ಅದು ಎಲ್ಲಕ್ಕಿಂತ ಬೇಗ ಎಚ್ಚರಗೊಳ್ಳುವುದು ಕೆಂಪು ಬೆಳಕಿಗೆ. ನೇರಳೆ ಗ್ರೋ ಲೈಟಿನಲ್ಲಿ ಕೆಂಪು ಇರುವುದು ನಿಜ, ಅದು ಕೆಲಸ ಮಾಡುವುದೂ ನಿಜ. ಆದರೆ ಹಳದಿ ಛಾಯೆಯ ಮಾಮೂಲಿ ಎಲ್‌ಇಡಿಯಲ್ಲೂ ಬೇಕಾದಷ್ಟು ಕೆಂಪು ಇದೆ. ಎಲ್‌ಇಡಿಯ ಬಿಳಿ ಬೆಳಕು ಅಂದರೆ ನೀಲಿ ದೀಪದ ಮೇಲೆ ಹಳದಿ ಲೇಪ ಕೊಟ್ಟದ್ದು. ಲೇಪ ಹೆಚ್ಚಿದಷ್ಟು ಹಳದಿ, ಹಳದಿ ಹೆಚ್ಚಿದಷ್ಟು ಕೆಂಪಿನ ಪಾಲು ಜಾಸ್ತಿ.

ಡಬ್ಬಿಯ ಮೇಲೆ 2700ಕೆ ಅಥವಾ 3000ಕೆ ಎಂದಿದ್ದರೆ ಅದು ಹಳದಿ ಛಾಯೆಯದು, ‘ವಾರ್ಮ್ ವೈಟ್’ ಅನ್ನುತ್ತಾರೆ. 6500ಕೆ ಎಂದರೆ ನೀಲಿ ಮಿಶ್ರಿತ ಬಿಳುಪು. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಇದೇ. ಇದೂ ನಡೆಯುತ್ತದೆ, ಆದರೆ ಬೆಲೆ ಒಂದೇ ಇದ್ದರೆ ಹಳದಿಯನ್ನೇ ಕೇಳಿ ತನ್ನಿ. ಇನ್ನೊಂದು ಲಾಭ: ನೀಲಿ ಕಡಿಮೆ ಇರುವ ಬೆಳಕಿಗೆ ಹುಳ, ಪತಂಗ ಕಡಿಮೆ ಬರುತ್ತವೆ.

ಹಳೇ ಬಲ್ಬಿನಲ್ಲಿ ಕಣ್ಣಿಗೆ ಕಾಣದ ದೂರಗೆಂಪು ಬೆಳಕು ಬಹಳ ಇತ್ತು. ಅದಕ್ಕೆ ಗಿಡ ಸೊರಗಿ ಉದ್ದವಾಗುತ್ತಿತ್ತು. ಎಲ್‌ಇಡಿಯಲ್ಲಿ ಅದು ಬಹಳ ಕಡಿಮೆ, ಗಿಡ ಗಟ್ಟಿ ನಿಲ್ಲುತ್ತದೆ.

ಡಬ್ಬಿ ಓದುವುದು ಹೇಗೆ?

ವ್ಯಾಟ್ ಅಂದರೆ ಬಲ್ಬು ತಿನ್ನುವ ಕರೆಂಟು, ಕೊಡುವ ಬೆಳಕಲ್ಲ. ಬೆಳಕು ನೋಡಬೇಕಾದ್ದು ‘ಲ್ಯೂಮೆನ್’ನಲ್ಲಿ. ಒಳ್ಳೇ 9 ವ್ಯಾಟಿನ ಎಲ್‌ಇಡಿ ಸುಮಾರು 900 ಲ್ಯೂಮೆನ್ ಕೊಡುತ್ತದೆ. 60 ವ್ಯಾಟಿನ ಹಳೇ ಬಲ್ಬು ಕೊಡುತ್ತಿದ್ದುದು 700ರ ಆಸುಪಾಸು. ‘60 ವ್ಯಾಟಿಗೆ ಸಮ’ ಅನ್ನುವ ಬರಹ ನಂಬಿ ಲ್ಯೂಮೆನ್ ಬರೆಯದ ಬಲ್ಬು ತರಬೇಡಿ.

ಎರಡನೆಯದು ವೋಲ್ಟೇಜು. ನಮ್ಮ ಹಳ್ಳಿ ಲೈನಿನಲ್ಲಿ ಅದು ಏರುವುದಕ್ಕೂ ಇಳಿಯುವುದಕ್ಕೂ ಲೆಕ್ಕವಿಲ್ಲ. 100ರಿಂದ 300 ವೋಲ್ಟ್ ತಡೆಯುತ್ತದೆ ಅಂತ ಬರೆದಿರುವುದು, ಸರ್ಜ್ ರಕ್ಷಣೆ ಇರುವುದು ಬಾಳಿಕೆ ಬರುತ್ತದೆ. ಐಎಸ್ 16102 ಎಂಬ ಗುರುತು ನೋಡಿ, ಬಿಲ್ಲು ಕೇಳಿ ಪಡೆಯಿರಿ. ಬಿಲ್ಲಿಲ್ಲದೆ ಬದಲಾಯಿಸಿ ಕೊಡುವುದಿಲ್ಲ.

ಎಷ್ಟು ದೂರಕ್ಕೊಂದು?

ಸೇವಂತಿಗೆಗೆ ಗಿಡದ ತುದಿಯಲ್ಲಿ ಸುಮಾರು 100 ಲಕ್ಸ್ ಬೆಳಕು ಸಿಗಬೇಕು ಎಂಬುದು ಬಹುಕಾಲದಿಂದ ಹಸಿರುಮನೆ ಬೆಳೆಗಾರರು ಪಾಲಿಸುವ ಅಳತೆ. ನಡು ಹಗಲಿನ ಬಿಸಿಲು ಒಂದು ಲಕ್ಷ ಲಕ್ಸ್. ಅದರ ಸಾವಿರದಲ್ಲೊಂದು ಪಾಲು!

ಬಲ್ಬಿನ ಕೆಳಗೆ ಅಳೆದು ಸಮಾಧಾನಪಟ್ಟರೆ ಉಪಯೋಗವಿಲ್ಲ. ನಾಲ್ಕು ಬಲ್ಬಿನ ನಟ್ಟನಡುವೆ, ಎಲ್ಲಕ್ಕಿಂತ ಕತ್ತಲಿರುವ ಜಾಗದಲ್ಲಿ, ಗಿಡದ ತುದಿಯ ಮಟ್ಟಕ್ಕೆ ಅಳೆಯಬೇಕು. ಲಕ್ಸ್ ಮೀಟರ್ ಇದ್ದರೆ ಒಳ್ಳೆಯದು, ಊರಿನ ನಾಲ್ಕು ಜನ ಸೇರಿ ಒಂದು ಕೊಂಡರೂ ಸಾಕು. ಮೊಬೈಲಿನ ಲಕ್ಸ್ ಆ್ಯಪು ಅಂದಾಜಿಗೆ ಆಗುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ ಎಂಬುದು ನೆನಪಿರಲಿ. ನಮ್ಮ ಹೊಲದಲ್ಲಿ 9 ವ್ಯಾಟಿನ ಬಲ್ಬು ಎಂಟು ಅಡಿಗೊಂದು, ಗಿಡದಿಂದ ಐದಡಿ ಎತ್ತರಕ್ಕೆ. ಬಲ್ಬಿನ ಮೇಲೆ ಬಿಳೀ ಟೋಪಿ ಹಾಕಿದರೆ ಆಕಾಶಕ್ಕೆ ಹೋಗುವ ಬೆಳಕು ಗಿಡಕ್ಕೆ ಬರುತ್ತದೆ, ಮಳೆ ನೀರೂ ಹೋಲ್ಡರಿಗೆ ಇಳಿಯುವುದಿಲ್ಲ.

ಬೆಳಕು ಕಡಿಮೆ ಬಿದ್ದ ಸಾಲನ್ನು ಗಿಡವೇ ತೋರಿಸುತ್ತದೆ. ಅಲ್ಲಿ ಮೊಗ್ಗು ಮುಂಚೆ ಬರುತ್ತದೆ.

ಎಷ್ಟು ಹೊತ್ತು, ಎಷ್ಟು ದಿನ?

ನಡುರಾತ್ರಿಯನ್ನು ಒಡೆಯುವುದು ಎಲ್ಲಕ್ಕಿಂತ ಖಾತ್ರಿ. ರಾತ್ರಿ ಹತ್ತರಿಂದ ಎರಡರ ತನಕ ನಾಲ್ಕು ಗಂಟೆ. ಸಂಜೆ ಮಾತ್ರ ಕರೆಂಟು ಸಿಗುವವರು ಸೂರ್ಯ ಮುಳುಗಿದ ಕೂಡಲೇ ಶುರುಮಾಡಬಹುದು, ಆದರೆ ಉಳಿದ ಕತ್ತಲೆ ಎಂಟು ಗಂಟೆ ಮೀರದ ಹಾಗೆ ಹೆಚ್ಚು ಹೊತ್ತು ಉರಿಸಬೇಕಾಗುತ್ತದೆ. ಟೈಮರ್ ಹಾಕಿಸಿ. ನಡುರಾತ್ರಿ ಎದ್ದು ಸ್ವಿಚ್ಚು ಹಾಕುವ ಕೆಲಸ ನಾಲ್ಕು ದಿನ ನಡೆದೀತು, ತಿಂಗಳು ನಡೆಯುವುದಿಲ್ಲ.

ಹಸಿರುಮನೆಯವರು ಆ ನಾಲ್ಕು ಗಂಟೆಯಲ್ಲೂ ಅರ್ಧ ಗಂಟೆಗೆ 6 ನಿಮಿಷ ಮಾತ್ರ ಉರಿಸಿ ಕರೆಂಟು ಉಳಿಸುವುದುಂಟು. ಇದನ್ನು ಮಾಡುವುದಾದರೆ ಮೊದಲು ಎರಡು ಸಾಲಿನಲ್ಲಿ ನೋಡಿ. ತಳಿಯಿಂದ ತಳಿಗೆ ಗುಣ ಬೇರೆ.

ಸಸಿ ನೆಟ್ಟು ಬೇರು ಹಿಡಿದಾಗಿನಿಂದ, ಕುಡಿ ಚಿವುಟಿ ಕವಲು ಗೇಣುದ್ದ ಆಗುವ ತನಕ ದೀಪ ಬೇಕು. ಸಾಮಾನ್ಯಕ್ಕೆ ಒಂದು ತಿಂಗಳಿಂದ 40 ದಿನ. ದೀಪ ನಿಲ್ಲಿಸಿದ ಮೇಲೆ ತಳಿಗೆ ತಕ್ಕ ಹಾಗೆ ಎಂಟರಿಂದ ಹನ್ನೊಂದು ವಾರಕ್ಕೆ ಹೂವು. ಹಬ್ಬದ ತಾರೀಕು ಹಿಡಿದು ಹಿಂದಕ್ಕೆ ಎಣಿಸಿದರೆ ದೀಪ ಆರಿಸುವ ದಿನ ಸಿಗುತ್ತದೆ. ಒಂದು ರಾತ್ರಿ ಕರೆಂಟು ಹೋದರೆ ಗಾಬರಿ ಬೇಡ. ಸಾಲಾಗಿ ನಾಲ್ಕಾರು ರಾತ್ರಿ ಹೋದರೆ ಮಾತ್ರ ಎಳೇ ಗಿಡದಲ್ಲಿ ಮೊಗ್ಗು ಕಾಣಿಸೀತು.

ಹತ್ತು ಗುಂಟೆಯ ಲೆಕ್ಕ

ಎಂಟಡಿಗೊಂದರಂತೆ ಹತ್ತು ಗುಂಟೆಗೆ 170 ಬಲ್ಬು. 9 ವ್ಯಾಟಿನಂತೆ ನಾಲ್ಕು ಗಂಟೆಗೆ ಸುಮಾರು 6 ಯೂನಿಟ್. 35 ರಾತ್ರಿಗೆ 214 ಯೂನಿಟ್. ಇದೇ ಜಾಗಕ್ಕೆ 60 ವ್ಯಾಟಿನ ಹಳೇ ಬಲ್ಬು ಹಾಕಿದರೆ 1428 ಯೂನಿಟ್. ಯೂನಿಟ್ಟಿಗೆ 7 ರೂಪಾಯಿಯಂತೆ ಒಂದೇ ಬೆಳೆಗೆ ಎಂಟು ಸಾವಿರಕ್ಕೂ ಹೆಚ್ಚು ಉಳಿತಾಯ. ಬಲ್ಬಿಗೆ ನೂರು ರೂಪಾಯಿ ಕೊಟ್ಟಿದ್ದರೂ ಎರಡು-ಮೂರು ಬೆಳೆಗೆ ಅಸಲು ಹುಟ್ಟುತ್ತದೆ. ಬಲ್ಬೊಂದಕ್ಕೆ ಸಾವಿರ ಕೊಟ್ಟರೆ 1 ಲಕ್ಷ 70 ಸಾವಿರ. ಅದು ಎಷ್ಟು ಬೆಳೆಗೆ ಹುಟ್ಟೀತು, ನೀವೇ ಹೇಳಿ.

ಜೀವದ ಮಾತು

ಬಲ್ಬು ಆರಿಸುವುದಕ್ಕಿಂತ ಹೆಚ್ಚು ಗಮನ ತಂತಿಗೆ ಕೊಡಿ. ನೀರು ಹಾಯಿಸಿದ ನೆಲ, ಬರಿಗಾಲು, ಹೂ ಕೀಳುವ ಹೆಣ್ಣಾಳುಗಳು. ಒಂದು ಸೀಳಿದ ಜಾಯಿಂಟು ಸಾಕು. ತಂತಿಯನ್ನು ಬೈಂಡಿಂಗ್ ವೈರಿನಲ್ಲಿ ಬಿಗಿಯಬೇಡಿ, ಅದು ಮೇಲಿನ ಪ್ಲಾಸ್ಟಿಕ್ಕನ್ನು ಕೊಯ್ಯುತ್ತದೆ. ಪ್ಲಾಸ್ಟಿಕ್ ದಾರದಲ್ಲಿ ಕಟ್ಟಿ. ನೆಲ ಮುಟ್ಟುವ ಸೋರಿಕೆ ಕರೆಂಟನ್ನು ಹಿಡಿದು ಲೈನು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಎಂಬ ಸ್ವಿಚ್ಚು ಬರುತ್ತದೆ. ಬೇರೆ ಯಾವುದಕ್ಕೆ ದುಡ್ಡು ಹಿಡಿದರೂ ಇದಕ್ಕೆ ಹಿಡಿಯಬೇಡಿ. ಹಗಲು ಆಳು ಹೊಲಕ್ಕಿಳಿಯುವ ಮುಂಚೆ ಮೇನು ಆರಿಸಿರಬೇಕು.

ಪಂಪ್‌ಸೆಟ್ಟಿಗೆ ಕೊಟ್ಟ ಕರೆಂಟಿನಲ್ಲಿ ದೀಪ ಉರಿಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಲ್ಲಿ ಅನಧಿಕೃತ ಬಳಕೆ ಅಂತ ಎರಡು ಪಟ್ಟು ದರ ಹಾಕಬಹುದು. ಮೀಟರು ಹಾಕಿಸಿಕೊಳ್ಳುವುದೇ ನೆಮ್ಮದಿ. ರಾತ್ರಿಗೆ 6 ಯೂನಿಟ್ಟಿನ ಬಿಲ್ಲಿಗೆ ಹೆದರಬೇಕಾದ್ದಿಲ್ಲ.

ಪಕ್ಕದವರ ಹೊಲವನ್ನೂ ನೋಡಿ. ಅಲ್ಲಿ ನಾಟಿ ಅವರೆ ಇದ್ದರೆ ನಿಮ್ಮ ದೀಪ ಅದರ ಹೂವನ್ನೂ ತಡೆದೀತು. ಬದುವಿನ ಕಡೆಯ ಬಲ್ಬಿಗೆ ಒಂದು ಮಗ್ಗುಲು ಮರೆ ಕಟ್ಟಿದರೆ ನ್ಯಾಯ ಪಂಚಾಯ್ತಿ ತಪ್ಪುತ್ತದೆ.

ಹೊಸದಾಗಿ ದೀಪ ಹಾಕುವವರು ಒಂದೇ ಸಲ ಇಡೀ ಹೊಲಕ್ಕೆ ಹಾಕಬೇಡಿ. ಒಂದು ಗುಂಟೆಗೆ 17 ಬಲ್ಬು ಹಾಕಿ, ಪಕ್ಕದ ಗುಂಟೆಯನ್ನು ಕತ್ತಲಲ್ಲೇ ಬಿಟ್ಟು, ಎರಡನ್ನೂ ಬೇರೆ ಬೇರೆ ಕೊಯ್ದು ತೂಗಿ ನೋಡಿ. ಮಾರುವವನ ಮಾತಿಗಿಂತ ತಕ್ಕಡಿಯ ಮಾತು ನಂಬಬಹುದು.